ನಾಟಕಕ್ಕೆ ಕುರ್ಚಿಯಷ್ಟೇ ಸಾಲದು, ಬಯಲೂ ಬೇಕು

ಮಾನ್ಯ ಸಂಪಾದಕರೇ,

ಮೊಬೈಲ್ ಕೈಯಲ್ಲಿ ಹಿಡಿದ ಜನ ಒಂದೂವರೆ ತಾಸಿಗಿಂತ ಹೆಚ್ಚು ಹೊತ್ತು ಕೂರುವುದಿಲ್ಲ, ಹಾಗಾಗಿ ನಾಟಕಗಳು ಮೊಟಕಾಗಬೇಕು ಎಂಬ ಮಾತು ರಂಗವಲಯದಲ್ಲಿ ಪದೇ ಪದೇ ಕೇಳಿಬರುತ್ತಿದೆ. ಹೀಗೆನ್ನುವವರು ಕುವೆಂಪು ಕಾದಂಬರಿಯನ್ನು ಆಧರಿಸಿ ನಿರ್ದೇಶಕ ಸಿ. ಬಸವಲಿಂಗಯ್ಯನವರು ಮಾಡಿದ ‘ಮಲೆಗಳಲ್ಲಿ ಮದುಮಗಳು’ ಪ್ರಯೋಗವನ್ನು ಮರೆತಂತಿದೆ. 2010ರಲ್ಲಿ ಮೈಸೂರಿನ ರಂಗಸಂಸ್ಥೆ ರಂಗಾಯಣದ ಆವರಣದಲ್ಲಿ ಶುರುವಾಗಿ, ಮುಂದೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂದ ಆ ನಾಟಕ ಸುಮಾರು ಒಂಬತ್ತು ತಾಸಿನದು. ರಾತ್ರಿ ಬಂದು ಕೂತ ಜನ ಎದ್ದು ಹೋಗುವಾಗ ಬೆಳಗಿನ ಜಾವ.

ಇಡೀ ರಾತ್ರಿಯ ಆಟ ನಮಗೇನೂ ಹೊಸದಲ್ಲ. ಯಕ್ಷಗಾನ, ದೊಡ್ಡಾಟ ನೋಡಿ ಬೆಳೆದವರು ನಾವು. ಬಯಲೂ ಹೊಸದಲ್ಲ, 1972ರಲ್ಲೇ ಬಿ.ವಿ. ಕಾರಂತರು ‘ಜೋಕುಮಾರಸ್ವಾಮಿ’ಯಂಥ ನಾಟಕಗಳನ್ನು ಬಯಲಿಗೆ ತಂದಿದ್ದರು. ಬಸವಲಿಂಗಯ್ಯನವರ ಎದೆಗಾರಿಕೆ ಇದ್ದದ್ದು ಬೇರೆ ಕಡೆ. ಅವರು ಪ್ರೇಕ್ಷಕರನ್ನೇ ಎಬ್ಬಿಸಿ ನಡೆಸಿದರು. ಒಂದಲ್ಲ, ನಾಲ್ಕು ರಂಗಸ್ಥಳ. ಒಂದು ಕಡೆ ಕಥೆ ಒಂದು ಘಟ್ಟ ಮುಟ್ಟಿದರೆ ಮುಂದಿನದಕ್ಕೆ ಇನ್ನೊಂದು ಕಡೆ ಹೋಗಬೇಕು. ಕಂಬಳಿ ಮಡಚಿಕೊಂಡು, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೇರಿಸಿಕೊಂಡು, ಮುಂದಿನ ಸಾಲು ಹಿಡಿಯಲು ದಾಪುಗಾಲು ಹಾಕುವ ಜನ. ಆ ನಡಿಗೆಯಲ್ಲೇ ಅಪರಿಚಿತರು ಮಾತಿಗಿಳಿಯುತ್ತಿದ್ದರು: ‘ಪೀಂಚಲು ಪಾತ್ರ ಮಾಡಿದ ಹುಡುಗಿ ಎಷ್ಟು ಚೆನ್ನಾಗಿ ಮಾಡ್ತಾಳಲ್ರೀ!’ ಸಭಾಂಗಣದ ಕತ್ತಲಲ್ಲಿ ಪಕ್ಕದವರ ಮುಖವನ್ನೂ ನಾವು ನೋಡುವುದಿಲ್ಲ.

ಇದು ಬರೀ ಚಮತ್ಕಾರವೂ ಆಗಿರಲಿಲ್ಲ. ಕುವೆಂಪು ಅವರ 1967ರ ಆ ಕಾದಂಬರಿಯ ಜನರೇ ನಡೆಯುವವರು. ನಾಯಿ ಹುಲಿಯನನ್ನು ಕಟ್ಟಿಕೊಂಡು ಕಾಡುದಾರಿ ಸವೆಸುವ ಗುತ್ತಿಯನ್ನು ನಾವು ಮೆತ್ತನೆಯ ಕುರ್ಚಿಯಲ್ಲಿ ಒರಗಿ ನೋಡುವುದಕ್ಕೂ, ನಾವೂ ಮಣ್ಣು ತುಳಿದು ಹೋಗಿ ನೋಡುವುದಕ್ಕೂ ವ್ಯತ್ಯಾಸವಿದೆ. ಇಂಥವನೇ ನಾಯಕ ಎಂದು ಬೊಟ್ಟು ಮಾಡಲಾಗದ ಕಥೆಗೆ ಒಂದೇ ರಂಗಸ್ಥಳ ಹೊಂದುತ್ತಲೂ ಇರಲಿಲ್ಲ. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಹಂಸಲೇಖ ಅವರ ಸಂಗೀತ ಎರಡೂ ಈ ಅಲೆದಾಟಕ್ಕೆ ಒಗ್ಗಿಕೊಂಡವು.

ಕೊರತೆ ಇರಲಿಲ್ಲವೆಂದಲ್ಲ. ನಡುರಾತ್ರಿ ದಾಟಿದ ಮೇಲೆ ಕೆಲವು ದೃಶ್ಯಗಳು ಎಳೆದಂತೆ ಅನ್ನಿಸಿದವು. ನನ್ನ ಪಕ್ಕದ ಹಿರಿಯರು ಗೊರಕೆಯನ್ನೇ ಹೊಡೆದರು. ಆದರೆ ಜಾಗ ಬದಲಿಸುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಎದ್ದು ಹೊರಟವರೂ ಅವರೇ! ಮಂಡಿನೋವಿನವರಿಗೆ ಈ ಬಗೆಯ ನಾಟಕ ಕಷ್ಟ ಎಂಬ ದೂರು ಮಾತ್ರ ನ್ಯಾಯವಾದದ್ದೇ. ಪ್ರತಿ ರಂಗಸ್ಥಳದ ಮುಂದೆ ಒಂದೆರಡು ಸಾಲು ಅವರಿಗೆಂದೇ ಕಾದಿರಿಸಿದರೆ ಅದು ನೀಗುತ್ತದೆ.

ಎಸ್.ಎಲ್. ಭೈರಪ್ಪನವರ ‘ಪರ್ವ’ ಕಾದಂಬರಿಯನ್ನು ಪ್ರಕಾಶ್ ಬೆಳವಾಡಿ ರಂಗಾಯಣಕ್ಕಾಗಿ ರಂಗಕ್ಕೆ ತಂದಾಗಲೂ ಜನ ದಿನದ ಬಹುಪಾಲು ಕೂತು ನೋಡಿದರು. ಅವಧಿ ಕಂಡು ಪ್ರೇಕ್ಷಕ ಹೆದರುತ್ತಾನೆ ಎಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ನನ್ನ ತಕರಾರು ಕಟ್ಟಡಗಳ ಬಗ್ಗೆ. ಸರ್ಕಾರ ಜಿಲ್ಲಾ ಕೇಂದ್ರಗಳಲ್ಲಿ ರಂಗಮಂದಿರ ಕಟ್ಟುವುದು ಸಂತೋಷವೇ. ಆದರೆ ನಾನು ಕಂಡ ಬಹುತೇಕ ಕಡೆ ಒಂದೇ ಅಚ್ಚು: ಎತ್ತರದ ವೇದಿಕೆ, ನೆಲಕ್ಕೆ ಬೋಲ್ಟ್ ಹಾಕಿದ ಕುರ್ಚಿ, ಹೊರಗೆ ಮರ ಕಡಿದು ಹಾಸಿದ ಟೈಲ್ಸ್, ಅದರ ಮೇಲೆ ಕಾರುಗಳು. ನಾಳೆ ಇನ್ನೊಬ್ಬ ನಿರ್ದೇಶಕ ಇಂಥ ಸಾಹಸಕ್ಕೆ ಇಳಿದರೆ ಕಾಲಿಡಲು ಜಾಗವೇ ಇಲ್ಲ. ವರ್ಷದ ಹೆಚ್ಚಿನ ದಿನ ಅಲ್ಲಿ ನಡೆಯುವುದು ಸನ್ಮಾನ ಸಮಾರಂಭ, ಆ ಮಾತು ಬಿಡಿ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇನ್ನು ಮುಂದೆ ರಂಗಮಂದಿರದ ನಕ್ಷೆ ಒಪ್ಪುವ ಮೊದಲು ಎಂಜಿನಿಯರ್ ಜೊತೆ ಒಬ್ಬ ರಂಗನಿರ್ದೇಶಕರನ್ನೂ ಕೂರಿಸಲಿ. ಆವರಣದಲ್ಲಿರುವ ಮರಗಳನ್ನು ಉಳಿಸಿ, ಸ್ವಲ್ಪ ಮಣ್ಣಿನ ಬಯಲು ಬಿಟ್ಟು, ಅಲ್ಲಿಗೆ ದೀಪ–ಧ್ವನಿಗೆ ಬೇಕಾದ ವಿದ್ಯುತ್ ಸಂಪರ್ಕವನ್ನೂ ರಾತ್ರಿಯಿಡೀ ತೆರೆದಿರುವ ಶೌಚಾಲಯವನ್ನೂ ಕೊಡಲಿ. ಕಟ್ಟಡಕ್ಕೆ ಸುರಿಯುವ ಹಣದ ಮುಂದೆ ಇದಕ್ಕೆ ತಗಲುವ ಖರ್ಚು ತೀರಾ ಕಡಿಮೆ.

– ಒಬ್ಬ ಹವ್ಯಾಸಿ ನಟ, ಬೆಂಗಳೂರು