ಮಗಳಿಗೊಂದು ಪತ್ರ: ವೊರಿಕೊನಜೋಲ್ ಶುರುಮಾಡುವ ಮೊದಲು

ಪ್ರೀತಿಯ ಪುಟ್ಟಿ,

ಡಾಕ್ಟರು ಕೊಟ್ಟ ಚೀಟಿಯ ಫೋಟೊ ನೋಡಿದೆ. ಟಿಬಿ ವಾಸಿಯಾದರೂ ಅದು ಶ್ವಾಸಕೋಶದಲ್ಲಿ ಬಿಟ್ಟುಹೋದ ಪೊಳ್ಳಿನಲ್ಲಿ ಆಸ್ಪರ್ಜಿಲಸ್ ಅನ್ನೋ ಬೂಷ್ಟು ಮನೆ ಮಾಡಿಕೊಂಡಿದೆ. ನಮ್ಮ ದೇಶದಲ್ಲಿ ಇದೇನೂ ಅಪರೂಪವಲ್ಲ. ಕಫದಲ್ಲಿ ರಕ್ತ ಕಂಡ ಕೂಡಲೇ ಟಿಬಿಯೇ ಮರಳಿ ಬಂತು ಅಂದುಕೊಂಡು ಮತ್ತೆ ಟಿಬಿ ಮಾತ್ರೆ ನುಂಗಿಸುವುದೂ ಉಂಟು. ನಿನಗೆ ಸ್ಕ್ಯಾನ್ ಮಾಡಿ, ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಆಂಟಿಬಾಡಿ ನೋಡಿ ಖಚಿತಪಡಿಸಿಕೊಂಡಿದ್ದಾರೆ. ಆ ಬೂಷ್ಟನ್ನು ಕೊಲ್ಲಲು ಬರೆದಿರುವ ವೊರಿಕೊನಜೋಲ್ ಔಷಧವೂ ಒಳ್ಳೆಯದೇ. ಆದರೆ ಇದು ನಾಜೂಕಿನ ಔಷಧ. ಅದಕ್ಕೇ ಫೋನಿನಲ್ಲಿ ಹೇಳದೆ ಬರೆಯುತ್ತಿದ್ದೇನೆ.

ಮೊದಲು ಹೊತ್ತಿನ ವಿಷಯ. ಎರಡು ಡೋಸಿನ ನಡುವೆ 12 ಗಂಟೆ ಇರಬೇಕು, ಮತ್ತು ಹೊಟ್ಟೆ ಖಾಲಿ ಇರಬೇಕು: ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ನೂರಕ್ಕೆ ಸುಮಾರು 96 ಪಾಲು ರಕ್ತಕ್ಕೆ ಸೇರುತ್ತೆ. ಎಣ್ಣೆ, ತುಪ್ಪದ ಊಟದ ಜೊತೆ ನುಂಗಿದರೆ ಅದರಲ್ಲಿ ಹತ್ತಿರ ಹತ್ತಿರ ಕಾಲುಭಾಗ ನಷ್ಟ. ಬೆಳಿಗ್ಗೆ 7ಕ್ಕೆ ನೀರಿನ ಜೊತೆ ಮಾತ್ರೆ, 8ರ ಮೇಲೆ ತಿಂಡಿ. ಸಂಜೆ 7ಕ್ಕೆ ಮಾತ್ರೆ, 8ರ ಮೇಲೆ ಊಟ. ಆಫೀಸು ಬಿಟ್ಟು ಬರುವಾಗ ಮಸಾಲೆ ದೋಸೆ ತಿನ್ನಬೇಕೆನಿಸಿದರೆ 6 ಗಂಟೆಯೊಳಗೆ ಮುಗಿಸಿಬಿಡು. ನಿನ್ನ ರೂಮ್‌ಮೇಟ್ ಗಜಕರ್ಣಕ್ಕೆ ನುಂಗುವ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಇದರ ತದ್ವಿರುದ್ಧ, ಅದನ್ನು ಊಟವಾದ ಕೂಡಲೇ ತಗೋಬೇಕು. ಹೆಸರುಗಳು ಒಂದೇ ಥರ ಕೊನೆಯಾಗುವುದರಿಂದ ಅಂಗಡಿಯವರೂ ಬಾಯಿಮಾತಿಗೆ 'ಊಟ ಆದ್ಮೇಲೆ' ಅಂದುಬಿಡುತ್ತಾರೆ. ಆ ಮಾತಿಗೆ ಕಿವಿಗೊಡಬೇಡ.

ಮೊದಲ ದಿನಕ್ಕೆ ಮಾತ್ರ ಬೇರೆ ಲೆಕ್ಕ. ಬೆಳಿಗ್ಗೆ 400, ಸಂಜೆ 400 ಅಂತ ಬರೆದಿದ್ದಾರೆ, ಅಂದರೆ 200 ಮಿಲಿಗ್ರಾಂನ ಎರಡೆರಡು ಮಾತ್ರೆ. ರಕ್ತದಲ್ಲಿ ಬೇಗ ಮಟ್ಟ ಏರಲಿ ಅಂತ ಹಾಗೆ ಕೊಡುವುದು. ಎರಡನೇ ದಿನದಿಂದ ಒಂದೊಂದೇ. ಈ ಮಾತ್ರೆ 50 ಮಿಲಿಗ್ರಾಂನಲ್ಲೂ ಬರುತ್ತೆ, ಹಾಗಾಗಿ ಕೊಳ್ಳುವಾಗ ಸ್ಟ್ರಿಪ್ಪಿನ ಮೇಲಿನ ಅಂಕಿ ನೋಡು. ಮಾತ್ರೆ ಬಿಡಿಸಿಕೊಳ್ಳುವಾಗ ಹೆಸರು, ಬ್ಯಾಚು, ತಾರೀಕು ಅಚ್ಚಾಗಿರುವ ತುದಿಯನ್ನು ಕೊನೆಗೆ ಉಳಿಸಿಕೋ. ಎಷ್ಟೋ ಸಲ ಆ ತುದಿಯೇ ಮೊದಲು ಕತ್ತರಿಯ ಬಾಯಿಗೆ ಹೋಗಿ, ಆಮೇಲೆ ಕೈಯಲ್ಲಿರುವುದು ಯಾವ ಮಾತ್ರೆ ಅಂತಲೇ ಗೊತ್ತಾಗುವುದಿಲ್ಲ.

ಮರೆತುಹೋದರೆ ನೆನಪಾದಾಗ ತಗೋ. ಮುಂದಿನ ಡೋಸಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡು. ಎರಡನ್ನೂ ಸೇರಿಸಿ ಮಾತ್ರ ನುಂಗಬೇಡ ಕಂದ. ಈ ಔಷಧವನ್ನು ಕರಗಿಸುವ ಲಿವರಿನ ಕಿಣ್ವಗಳಿಗೆ ಒಂದು ಮಿತಿ ಇದೆ. ಅದು ತುಂಬಿತೆಂದರೆ ಹೆಚ್ಚಿನದೆಲ್ಲ ರಕ್ತದಲ್ಲೇ ನಿಲ್ಲುತ್ತೆ. 200ರಿಂದ 300ಕ್ಕೆ ಏರಿಸಿದರೆ ಡೋಸು ಒಂದೂವರೆಪಟ್ಟು, ಮೈಯೊಳಗಿನ ಪ್ರಮಾಣ ಮಾತ್ರ ಸರಾಸರಿ ಎರಡೂವರೆಪಟ್ಟು. ಅದರ ಮೇಲೆ, ಏಷ್ಯಾದವರಲ್ಲಿ ನೂರಕ್ಕೆ 15ರಿಂದ 20 ಜನರಿಗೆ ಹುಟ್ಟಿನಿಂದಲೇ ಆ ಕಿಣ್ವ ಮಂದ. ಅಂಥವರಿಗೆ ಅದೇ ಒಂದು ಮಾತ್ರೆಯಲ್ಲಿ ನಾಲ್ಕುಪಟ್ಟು ಮಟ್ಟ ಏರಬಹುದು. ನೀನು ಯಾವ ಗುಂಪಿನವಳು ಅಂತ ಮುಖ ನೋಡಿ ಹೇಳಲಾಗದು. ಅದಕ್ಕೇ ಐದನೇ ದಿನಕ್ಕೆ ಔಷಧದ ಮಟ್ಟ ನೋಡುವ ರಕ್ತಪರೀಕ್ಷೆ ಬರೆದಿರುವುದು. ದುಬಾರಿ ಅಂತ ಬಿಡಬೇಡ, ದುಡ್ಡು ನಾನು ಕಳಿಸುತ್ತೇನೆ. ಮಟ್ಟ ಒಂದು ಮಿಲಿಲೀಟರಿಗೆ 1ರಿಂದ 5.5 ಮೈಕ್ರೊಗ್ರಾಂ ಒಳಗಿರಬೇಕು. ಕಡಿಮೆಯಾದರೆ ಬೂಷ್ಟು ಸಾಯುವುದಿಲ್ಲ. ಹೆಚ್ಚಾದರೆ ಲಿವರಿಗೆ ಪೆಟ್ಟು, ಇಲ್ಲದ್ದು ಕಂಡಂತೆ ಕೇಳಿದಂತೆ ಆಗುವುದು, ಗಲಿಬಿಲಿ.

ಇನ್ನು ಬೇರೆ ಮಾತ್ರೆಗಳು. ಅತಿ ಹೆಚ್ಚು ಎಡವುವುದು ಇಲ್ಲೇ. ನಿನ್ನ ಹಳೆಯ ಟಿಬಿ ಕಿಟ್‌ನಲ್ಲಿದ್ದ ರಿಫಾಂಪಿಸಿನ್ ನೆನಪಿದೆಯಲ್ಲ, ಮೂತ್ರ ಕೇಸರಿ ಬಣ್ಣ ಬರಿಸುತ್ತಿದ್ದದ್ದು? ಅದು ಲಿವರಿನ ಕಿಣ್ವಗಳನ್ನು ಎಷ್ಟು ಕೆರಳಿಸುತ್ತೆ ಅಂದರೆ ವೊರಿಕೊನಜೋಲ್ ನೂರಕ್ಕೆ 96ರಷ್ಟು ಕರಗಿ ಖಾಲಿ. ಡೋಸು ಏರಿಸಿದರೂ ಪ್ರಯೋಜನವಿಲ್ಲ. ಹೊಸ ಡಾಕ್ಟರು ಯಾರಾದರೂ ಎಕ್ಸ್‌ರೇ ನೋಡಿ 'ಮತ್ತೆ ಟಿಬಿ ಇರಬಹುದು' ಅಂದರೆ, ಈ ಮಾತ್ರೆ ನಡೆಯುತ್ತಿದೆ ಅಂತ ಮೊದಲು ಹೇಳು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೀನೊಬಾರ್ಬಿಟೋನ್ ಕೂಡ ಇದರ ಜೊತೆ ಸಲ್ಲವು.

ಇನ್ನು ಕೆಲವು ಔಷಧಗಳ ಮಟ್ಟವನ್ನು ಇದೇ ಏರಿಸಿಬಿಡುತ್ತೆ. ನಿನ್ನ ಇನ್‌ಹೇಲರ್‌ನಲ್ಲಿ ಬುಡೆಸೊನೈಡ್ ಅನ್ನೋ ಸ್ಟೆರಾಯ್ಡ್ ಇದೆ. ಸಾಮಾನ್ಯವಾಗಿ ಅದು ಶ್ವಾಸಕೋಶದಲ್ಲೇ ಕೆಲಸ ಮುಗಿಸುತ್ತೆ, ರಕ್ತಕ್ಕೆ ಹೋದದ್ದು ಬೇಗ ಕರಗುತ್ತೆ. ವೊರಿಕೊನಜೋಲ್ ಜೊತೆಯಲ್ಲಿ ಕರಗದೆ ಮೈಯಲ್ಲೇ ನಿಂತು, ತಿಂಗಳುಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿದ ಹಾಗಾಗಬಹುದು. ಮುಖ ಊದಿಕೊಳ್ಳುವುದು, ಹೊಟ್ಟೆ ದಪ್ಪವಾಗುವುದು, ಸಕ್ಕರೆ ಏರುವುದು. ಚೀಟಿಯಲ್ಲಿ ಇನ್‌ಹೇಲರ್ ವಿಷಯವೇ ಇಲ್ಲ, ಬಹುಶಃ ನೀನು ಹೇಳಿಲ್ಲ. ನಾಳೆಯೇ ಹೇಳು, ಬೇರೆಯದಕ್ಕೆ ಬದಲಿಸುತ್ತಾರೋ ಕೇಳು. ಹಾಗಂತ ನೀನಾಗಿಯೇ ನಿಲ್ಲಿಸಬೇಡ. ಮೈಗ್ರೇನ್ ಬಂದಾಗ ಎರ್ಗೊಟಮಿನ್ ಇರುವ ಮಾತ್ರೆ ಬೇಡವೇ ಬೇಡ, ಕೈಕಾಲಿನ ರಕ್ತನಾಳ ಬಿಗಿದು ರಕ್ತವೇ ಹರಿಯದಂತೆ ಆದೀತು. ವಾಂತಿಗೆ ಡೊಂಪೆರಿಡೋನ್, ಗಂಟಲಿಗೆ ಅಜಿಥ್ರೊಮೈಸಿನ್ ಅಂತ ಕೌಂಟರಿನಲ್ಲಿ ಕೇಳಿ ತರಬೇಡ. ಇವು ವೊರಿಕೊನಜೋಲ್ ಜೊತೆ ಸೇರಿದರೆ ಹೃದಯದ ಬಡಿತದ ಲಯ ಕೆಡಬಹುದು. ಅದಕ್ಕೇ ಇಸಿಜಿ ಮಾಡಿಸಿ, ಪೊಟ್ಯಾಶಿಯಂ ಮತ್ತು ಮೆಗ್ನೀಶಿಯಂ ನೋಡಿರುವುದು.

ಕಣ್ಣಿನ ವಿಷಯಕ್ಕೆ ಹೆದರಬೇಡ. ಐವರಲ್ಲಿ ಒಬ್ಬರಿಗೆ ಮಾತ್ರೆ ನುಂಗಿದ ಅರ್ಧ ಗಂಟೆಗೆ ಬೆಳಕು ಚುಚ್ಚುವುದು, ಬಣ್ಣ ಬೇರೆಯಾಗಿ ಕಾಣುವುದು, ಮಂಜು ಮಂಜಾಗುವುದು ಇರುತ್ತೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ತಾನೇ ಹೋಗುತ್ತೆ. ಆದರೆ ರಾತ್ರಿ ಸ್ಕೂಟಿ ಓಡಿಸಬೇಡ, ಮೆಟ್ರೊ ಹಿಡಿ.

ಬಿಸಿಲಿಗೆ ಮಾತ್ರ ಹೆದರು. ಈ ಔಷಧ ನಡೆಯುವಾಗ ಹತ್ತು ನಿಮಿಷದ ಬಿಸಿಲೂ ಕೆಲವರ ಚರ್ಮ ಸುಟ್ಟಂತೆ ಕೆಂಪಾಗಿಸುತ್ತೆ, ತುಟಿ ಸುಲಿಯುತ್ತೆ. ವರ್ಷಗಟ್ಟಲೆ ತಗೊಂಡವರಲ್ಲಿ ಚರ್ಮದ ಕ್ಯಾನ್ಸರೂ ಆದದ್ದಿದೆ. ತುಂಬುತೋಳು, ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 50 ಕ್ರೀಮು, ಮೋಡದ ದಿನವೂ ಸರಿಯೇ. ಬಸ್ಸಿನ ಕಿಟಕಿಯ ಗಾಜನ್ನು ನಂಬಬೇಡ, ಅತಿನೇರಳೆ ಕಿರಣದ ಒಂದು ಭಾಗ ಅದನ್ನು ದಾಟಿ ಬರುತ್ತೆ. ವಾಸಿಯಾಗದ ಹುಣ್ಣು, ಹೊಸ ಕಲೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸು.

ಲಿವರ್ ಪರೀಕ್ಷೆ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮೈ ತುರಿಕೆ, ನಿಲ್ಲದ ವಾಂತಿ ಆದರೆ ಮುಂದಿನ ತಾರೀಕಿಗೆ ಕಾಯದೆ ಅವತ್ತೇ ಹೋಗು. ಜ್ವರದ ಜೊತೆ ಬಾಯಿಯೊಳಗೆ ಹುಣ್ಣೆದ್ದರೆ, ಚರ್ಮ ಗುಳ್ಳೆ ಎದ್ದು ಸುಲಿದರೂ ಹಾಗೇ.

ತಿಂಗಳುಗಳು ಕಳೆದ ಮೇಲೆ ಮೂಳೆ ನೋವು ಬಂದರೆ ದಣಿವು ಅಂತ ತಳ್ಳಿಹಾಕಬೇಡ. ಈ ಅಣುವಿನಲ್ಲಿ ಮೂರು ಫ್ಲೋರಿನ್ ಇವೆ. ದಿನದ 400 ಮಿಲಿಗ್ರಾಂನಲ್ಲಿ ಸುಮಾರು 65 ಮಿಲಿಗ್ರಾಂ ಅದೇ. ಎಲ್ಲವೂ ಬಿಡುಗಡೆಯಾಗುವುದಿಲ್ಲ, ಆದರೂ ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ಮೂಳೆಗೆ ಏನು ಮಾಡುತ್ತೆ ಅಂತ ನಮಗೆ ಗೊತ್ತಿಲ್ಲವೇ. ಪಕ್ಕೆಲುಬು, ಬೆರಳಿನ ಮೂಳೆ ನೋಯುತ್ತಿದ್ದರೆ ಡಾಕ್ಟರಿಗೆ ಹೇಳು. ಔಷಧ ನಿಲ್ಲಿಸಿದರೆ ಇಳಿಯುತ್ತೆ.

ಮದುವೆಯಾಗಿ ವರ್ಷ ತುಂಬಿತು, ಅದಕ್ಕೆ ಇದನ್ನೂ ನೇರವಾಗಿ ಹೇಳುತ್ತೇನೆ: ಈ ಮಾತ್ರೆ ನಡೆಯುವಷ್ಟು ಕಾಲ ಗರ್ಭ ನಿಲ್ಲಬಾರದು, ಮಗುವಿಗೆ ಹಾನಿ. ಅಳಿಯಂದಿರ ಹತ್ತಿರ ಮಾತಾಡು. ಗರ್ಭನಿರೋಧಕ ಮಾತ್ರೆಯ ಜೊತೆ ಇದು ಎರಡರ ಮಟ್ಟವನ್ನೂ ಏರಿಸುತ್ತೆ, ಯಾವ ಉಪಾಯ ಸರಿ ಅಂತ ಡಾಕ್ಟರನ್ನೇ ಕೇಳಿ.

ಕೆಲವು ವಾರದಲ್ಲಿ ಕೆಮ್ಮು ಇಳಿದು ತೂಕ ಏರಬಹುದು. ಆಗಲೂ ನಿಲ್ಲಿಸಬೇಡ. ಈ ಕಾಯಿಲೆಗೆ ಕನಿಷ್ಠ ಆರು ತಿಂಗಳು ಬೇಕು. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ಇದೇ ಕಾಯಿಲೆಗೆ ಇಟ್ರಾಕೊನಜೋಲನ್ನು ಆರರ ಬದಲು ಹನ್ನೆರಡು ತಿಂಗಳು ಕೊಟ್ಟಾಗ ಮರುಕಳಿಸುವುದು ಬಹಳ ಕಡಿಮೆಯಾಗಿತ್ತು. ನಿನ್ನದು ಎಷ್ಟು ಅಂತ ಸ್ಕ್ಯಾನ್ ನೋಡಿ ಅವರೇ ನಿರ್ಧರಿಸಲಿ. ಹಬ್ಬಕ್ಕೆ ಊರಿಗೆ ಬಂದಾಗ ಗೊಬ್ಬರದ ಗುಂಡಿಯ ಹತ್ತಿರ, ಬೂಷ್ಟು ಹಿಡಿದ ಹುಲ್ಲಿನ ಮೆದೆಯ ಹತ್ತಿರ ಹೋಗಬೇಡ. ಆಸ್ಪರ್ಜಿಲಸ್‌ನ ಕಣಗಳು ಎದ್ದು ಹಾರುವುದು ಅಲ್ಲೇ.

ನಾಳೆ ಶನಿವಾರ ಶುರುಮಾಡಿದರೆ ಬುಧವಾರಕ್ಕೆ ಐದನೇ ದಿನ. ಅವತ್ತು ಬೆಳಿಗ್ಗೆ 7ರ ಮಾತ್ರೆ ನುಂಗದೆ ಚೀಲದಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗು. ಹಿಂದಿನ ಸಂಜೆ ಮಾತ್ರೆ ತಗೊಂಡ ಹೊತ್ತನ್ನು ಫಾರಂ ಮೇಲೆ ಬರೆಸು. ರಕ್ತ ಕೊಟ್ಟ ಮೇಲೆ ಅಲ್ಲೇ ನೀರು ಕೇಳಿ ಮಾತ್ರೆ ನುಂಗು, ಒಂದು ಗಂಟೆ ಬಿಟ್ಟು ತಿಂಡಿ ತಿನ್ನು, ಆಮೇಲೆ ನನಗೆ ಫೋನ್ ಮಾಡು.

ಇಂತಿ,
ನಿನ್ನ ಅಮ್ಮ