ಕೊಲ್ಲದೆ ಕೆಡಹುವ ನಿಯಮದ ಕುರಿತು ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಶಿರಸಿಯಲ್ಲಿ ನಡೆದ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ (ದಾಳ ಉರುಳಿಸುತ್ತಾ, ಪಾತ್ರಗಳನ್ನು ವಹಿಸಿ ಕಥೆ ಕಟ್ಟುವ ಆಟ), ಸದಾಶಿವಗಡ ಕೋಟೆಯ ಕಾವಲುಗಾರನನ್ನು ಜೀವಸಹಿತ ಹಿಡಿಯುವ ಉದ್ದೇಶವಿದ್ದರೂ ಅವನು ಬಾಣಕ್ಕೆ ಬಿದ್ದುದರಿಂದ ಸತ್ತನೆಂದು ನಾನು ಕೊಟ್ಟ ತೀರ್ಪು ಕೆಲವರಿಗೆ ಬೇಸರ ತಂದಿದೆ. ಆದ್ದರಿಂದ ನಿಯಮವನ್ನು ಇಲ್ಲಿ ಸ್ಪಷ್ಟಪಡಿಸುತ್ತಿದ್ದೇನೆ.

ನಾವು ಅನುಸರಿಸುತ್ತಿರುವುದು ಈ ಆಟದ ಐದನೆಯ ಆವೃತ್ತಿಯ 2014ರ ನಿಯಮಗಳನ್ನು. ಅದರಂತೆ, ಹತ್ತಿರದಿಂದ ಮಾಡಿದ ಮೆಲೀ ದಾಳಿಯಿಂದ ಎದುರಾಳಿಯ ಹಿಟ್ ಪಾಯಿಂಟ್ (ಪೆಟ್ಟು ತಿಂದಂತೆ ಇಳಿಯುವ ಜೀವಬಲದ ಅಂಕ) 0ಗೆ ಇಳಿದಾಗ, ಹೊಡೆದ ಆಟಗಾರರು ಆ ಕ್ಷಣದಲ್ಲೇ ಅವನನ್ನು ಕೊಲ್ಲದೆ ಪ್ರಜ್ಞೆ ತಪ್ಪಿಸುವುದಾಗಿ ಹೇಳಬಹುದು. ಇದನ್ನು ಮೊದಲೇ ಘೋಷಿಸಬೇಕಿಲ್ಲ. ಕತ್ತಿಯಾದರೂ ದೊಣ್ಣೆಯಾದರೂ ವ್ಯತ್ಯಾಸವಿಲ್ಲ. ಹಾಗೆ ಬಿದ್ದವನ ಪ್ರಾಣಕ್ಕೆ ಅಪಾಯವಿರುವುದಿಲ್ಲ, ಮತ್ತು ಯಾರೂ ಉಪಚರಿಸದಿದ್ದರೂ ನಾಲ್ಕು ಮುಖದ ದಾಳದಲ್ಲಿ ಬಿದ್ದಷ್ಟು ಗಂಟೆಗಳ ನಂತರ 1 ಹಿಟ್ ಪಾಯಿಂಟ್ ಮರಳಿ ಪಡೆದು ಅವನು ಎಚ್ಚರಗೊಳ್ಳುತ್ತಾನೆ. ಬಿಲ್ಲು, ಕವಣೆ, ಬೆಂಕಿಯುಂಡೆಯ ಮಂತ್ರ ಇವುಗಳಿಗೆ ಈ ಅವಕಾಶವಿಲ್ಲ.

2003ರ 3.5 ಆವೃತ್ತಿಯನ್ನು ಆಡಿ ಬಂದವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಮಾರಕವಲ್ಲದ ಪೆಟ್ಟನ್ನು ಬೇರೆಯಾಗಿಯೇ ಲೆಕ್ಕವಿಡಬೇಕಿತ್ತು. ಆ ಲೆಕ್ಕವು ಉಳಿದ ಹಿಟ್ ಪಾಯಿಂಟ್‌ಗಳನ್ನು ಮೀರಿದಾಗ ಪ್ರಜ್ಞೆ ತಪ್ಪುತ್ತಿತ್ತು, ಮಾರಕ ಆಯುಧವನ್ನು ಹಾಗೆ ಬಳಸಿದರೆ ದಾಳಿಯ ದಾಳದಿಂದ 4 ಕಳೆಯಬೇಕಿತ್ತು. ಆ ಪದ್ಧತಿಯ ಸೂಕ್ಷ್ಮತೆ ನನಗೆ ಇಂದಿಗೂ ಪ್ರಿಯವೇ, ಆದರೆ ಎರಡನ್ನೂ ಬೆರೆಸಿದರೆ ಕಾಳಗ ಅನಗತ್ಯವಾಗಿ ಎಳೆಯುತ್ತದೆ.

ಕಾವಲುಗಾರನ ಕುರಿತ ತೀರ್ಪು ಹಾಗೆಯೇ ಉಳಿಯುತ್ತದೆ. ಬಾಣಕ್ಕೂ ವಿನಾಯಿತಿ ಬೇಕೆನ್ನುವವರು ಶನಿವಾರ ರಾತ್ರಿಯೊಳಗೆ ಇಲ್ಲಿಯೇ ಬರೆಯಿರಿ. ಆಟ ಆರಂಭಿಸುವ ಮುನ್ನ ಎಲ್ಲರೂ ಕೂಡಿ ತೀರ್ಮಾನಿಸೋಣ.