ಎಂಜಿನ್ ದೀಪ ಹೊತ್ತಿದರೆ ಸೆನ್ಸರಿಗೇಕೆ ಬರೆ?

ಮಾನ್ಯ ಸಂಪಾದಕರೇ,

ಹತ್ತು–ಹನ್ನೆರಡು ವರ್ಷ ಓಡಿದ ಕಾರು ಇಟ್ಟುಕೊಂಡಿರುವ ನಮ್ಮಂಥವರಿಗೆ ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಹೊತ್ತಿತೆಂದರೆ ಆ ತಿಂಗಳ ಖರ್ಚಿನ ಲೆಕ್ಕ ತಪ್ಪಿತೆಂದೇ ಅರ್ಥ. ಗ್ಯಾರೇಜಿಗೆ ಒಯ್ದರೆ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸುತ್ತಾರೆ. ಒಂದು ಅಕ್ಷರ, ನಾಲ್ಕು ಅಂಕಿಗಳ ಕೋಡ್ ಬರುತ್ತದೆ. ಅದಕ್ಕೆ ಯಾವ ಸೆನ್ಸರಿನ ಸಂಬಂಧ ಕಂಡುಬರುತ್ತದೆಯೋ ಆ ಸೆನ್ಸರನ್ನು ಬದಲಿಸುತ್ತಾರೆ. ಐಟಿಐಯೊಂದರಲ್ಲಿ ವಿದ್ಯುತ್ ವಿಭಾಗದ ಬೋಧಕನಾಗಿ ನಿವೃತ್ತನಾದ ನನಗೆ ಈ ಪದ್ಧತಿಯ ಬಗ್ಗೆ ತಕರಾರಿದೆ.

ನನ್ನದು 2014ರ ಪೆಟ್ರೋಲ್ ಕಾರು. ಕಳೆದ ವರ್ಷ ಬಾಗಲಕೋಟೆಯಿಂದ ಬೆಳಗಾವಿಗೆ ಹೊರಟಿದ್ದಾಗ ಲೋಕಾಪುರ ದಾಟಿ ಯರಗಟ್ಟಿ ಸಮೀಪಿಸುವಷ್ಟರಲ್ಲಿ ದೀಪ ಹೊತ್ತಿತು. ಅಷ್ಟರಲ್ಲಾಗಲೇ ಲೀಟರಿಗೆ 16 ಕಿ.ಮೀ. ಇದ್ದ ಮೈಲೇಜ್ 12ಕ್ಕೆ ಇಳಿದಿತ್ತು. ಗ್ಯಾರೇಜಿನಲ್ಲಿ ಕಂಡ ಕೋಡ್ ಪಿ0171, ಅಂದರೆ ಎಂಜಿನ್ನಿಗೆ ಸಿಗುತ್ತಿರುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ದೂರು. ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು 4,500 ರೂಪಾಯಿಯ ಹೊಸದನ್ನು ಹಾಕಿದರು. ದೀಪ ಆರಿತು. ನಾಲ್ಕನೇ ದಿನ ಮತ್ತೆ ಹೊತ್ತಿತು. ಈಗ ಪೆಟ್ರೋಲ್ ಪಂಪು ದುರ್ಬಲವಾಗಿದೆ ಎಂದರು. ಅದೂ ಬದಲಾಯಿತು, ದೀಪ ಮತ್ತೆ ಆರಿ ಮತ್ತೆ ಹೊತ್ತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಮಾತು ಇಂಥದ್ದಕ್ಕೇ ಹುಟ್ಟಿರಬೇಕು.

ದೀಪ ಆರಿದ್ದು ದುರಸ್ತಿಯಿಂದಲ್ಲ, ಸ್ಕ್ಯಾನರಿನಿಂದ ಕೋಡ್ ಅಳಿಸಿದ್ದರಿಂದ ಎಂಬುದನ್ನು ಗಿರಾಕಿಗಳು ತಿಳಿದಿರಬೇಕು. ಇಂಥ ಹೆಚ್ಚಿನ ದೋಷಗಳು ಒಂದರ ಹಿಂದೊಂದು ಎರಡು ಓಡಾಟಗಳಲ್ಲಿ ಕಂಡುಬಂದ ಮೇಲಷ್ಟೇ ಎಂಜಿನ್ನಿನ ಕಂಪ್ಯೂಟರ್ ದೀಪ ಹೊತ್ತಿಸುತ್ತದೆ. ಆದ್ದರಿಂದ ಮೂಲ ದೋಷ ಇದ್ದ ಹಾಗೆಯೇ ಇದ್ದರೂ ಕಾರು ಎರಡು–ಮೂರು ದಿನ ಸರಿಯಾದಂತೆ ತೋರುತ್ತದೆ, ಅಷ್ಟರಲ್ಲಿ ನಾವು ಬಿಲ್ ಕಟ್ಟಿ ಮನೆ ಸೇರಿರುತ್ತೇವೆ.

ಕೊನೆಗೆ ನಾನೇ ಮಲ್ಟಿಮೀಟರ್ ಹಿಡಿದು, ಫೋನಿಗೆ ಜೋಡಿಸುವ ಒಂದು ಸಣ್ಣ ಬ್ಲೂಟೂತ್ ಸ್ಕ್ಯಾನರ್ ಕೊಂಡು ಕುಳಿತೆ. ಆಕ್ಸಿಜನ್ ಸೆನ್ಸರ್ ಸೈಲೆನ್ಸರಿನ ಕಡೆಗೆ ಹೋಗುವ ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಹೊರಗಿನ ಗಾಳಿಯೊಂದಿಗೆ ಹೋಲಿಸಿ, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿದ್ದರೆ ಸುಮಾರು 0.9 ವೋಲ್ಟ್, ಕಡಿಮೆಯಿದ್ದರೆ ಸುಮಾರು 0.1 ವೋಲ್ಟ್ ಕೊಡುತ್ತದೆ. ಅದನ್ನು ನಂಬಿ ಕಂಪ್ಯೂಟರ್ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಸೇರುವಂತೆ ಇಂಧನವನ್ನು ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ನನ್ನ ಕಾರಿನಲ್ಲಿ ಎಂಜಿನ್ ನಿಂತಲ್ಲೇ ಓಡುವಾಗ ಹೆಚ್ಚುವರಿ ಇಂಧನ ಸೇರಿಸುವ ಈ ತಿದ್ದುಪಡಿ ಶೇ 20ನ್ನು ಮೀರಿತ್ತು, ಆಕ್ಸಿಲರೇಟರ್ ಒತ್ತಿದಂತೆ ಇಳಿಯುತ್ತಿತ್ತು. ಪಂಪು ದುರ್ಬಲವಾಗಿದ್ದರೆ ಇದು ತಿರುವುಮುರುವಾಗಿ, ಭಾರ ಬಿದ್ದಷ್ಟೂ ತಿದ್ದುಪಡಿ ಏರಬೇಕಿತ್ತು. ಈ ಒಂದು ಅಂಕಿಯನ್ನು ನೋಡಿದ್ದರೆ ಪಂಪಿನ ಹಣ ಉಳಿಯುತ್ತಿತ್ತು. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಟಕ್ ಟಕ್ ಎಂಬ ಸಣ್ಣ ಸದ್ದು ಬಂದು, ಕಾದ ಮೇಲೆ ನಿಲ್ಲುತ್ತಿದ್ದುದು ಆಗ ನೆನಪಾಯಿತು. ಎಂಜಿನ್ನಿನಿಂದ ಹೊಗೆ ಹೊರಬೀಳುವ ಕೊಳವೆಯಾದ ಮ್ಯಾನಿಫೋಲ್ಡಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಸುಟ್ಟು ಸೀಳಿತ್ತು. ಸೆನ್ಸರಿಗಿಂತ ಮೊದಲೇ ಇರುವ ಆ ಬಿರುಕಿನಿಂದ ಹೊಗೆಯ ಎರಡು ಅಲೆಗಳ ನಡುವೆ ಹೊರಗಾಳಿ ಒಳನುಗ್ಗುತ್ತಿತ್ತು; ಸೆನ್ಸರ್ ತಾನು ಕಂಡ ಆಮ್ಲಜನಕವನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತಿತ್ತು; ಕಂಪ್ಯೂಟರ್ ಸುಮ್ಮಸುಮ್ಮನೆ ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಗ್ಯಾಸ್ಕೆಟ್ಟಿಗೆ ಕೂಲಿ ಸೇರಿ ಸಾವಿರ ರೂಪಾಯಿಯೂ ಆಗಲಿಲ್ಲ. ಹಟ ಹಿಡಿದು ವಾಪಸ್ ಪಡೆದಿದ್ದ ಹಳೆಯ ಸೆನ್ಸರನ್ನೇ ಮತ್ತೆ ಹಾಕಿಸಿದ್ದೇನೆ. ಅದು ಇಂದಿಗೂ ಸರಿಯಾಗಿ ಕೆಲಸ ಮಾಡುತ್ತಿದೆ.

ಇನ್ನೊಂದು ಉದಾಹರಣೆ ಮುಧೋಳ ಕಡೆಯ ನನ್ನ ಬಂಧುವೊಬ್ಬರದು. ಕಬ್ಬಿನ ಹೊಲದ ಪಕ್ಕದ ಮನೆಯಲ್ಲಿ ನಿಲ್ಲುವ ಅವರ ಕಾರಿಗೆ ಪಿ0118 ಕೋಡ್, ಅಂದರೆ ಎಂಜಿನ್ ನೀರಿನ ತಾಪಮಾನ ಅಳೆಯುವ ಸೆನ್ಸರಿನ ಸಂಕೇತ ಮಿತಿಮೀರಿದೆ ಎಂಬ ದೂರು ಬಂದಿತ್ತು, ರೇಡಿಯೇಟರ್ ಫ್ಯಾನ್ ಬಿಡುವಿಲ್ಲದೆ ತಿರುಗುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಸ್ಕ್ಯಾನರ್ ಎಂಜಿನ್ ನೀರಿನ ತಾಪಮಾನವನ್ನು ಮೈನಸ್ 40 ಡಿಗ್ರಿ ಎಂದು ತೋರಿಸುತ್ತಿದ್ದರೂ ಮಿಸ್ತ್ರಿಗೆ ಅನುಮಾನ ಬರಲಿಲ್ಲವೆಂಬುದೇ ನನಗೆ ಸೋಜಿಗ. ಈ ಸೆನ್ಸರಿನ ಪ್ರತಿರೋಧ ಅನೇಕ ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ 300 ಓಮಿನ ಆಸುಪಾಸು ಇರುತ್ತದೆ. ತಂತಿ ತುಂಡಾದರೆ ಕಂಪ್ಯೂಟರಿಗೆ ಅದು ಮಿತಿಮೀರಿದ ಪ್ರತಿರೋಧವಾಗಿ, ಅಂದರೆ ಮಿತಿಮೀರಿದ ಚಳಿಯಾಗಿ ಕಾಣುತ್ತದೆ. ಕನೆಕ್ಟರ್ ಬಿಚ್ಚಿ ಅದರ ಎರಡು ತಂತಿಗಳನ್ನು ಒಂದು ತುಂಡು ವಾಯರಿನಿಂದ ಕೂಡಿಸಿದಾಗ ತಾಪಮಾನ ಒಮ್ಮೆಲೇ ಮೇಲೇರಿದರೆ ವೈರಿಂಗ್ ಸರಿಯಿದೆ, ಸೆನ್ಸರ್ ಕೆಟ್ಟಿದೆ. ಮೈನಸ್ 40ರಲ್ಲೇ ನಿಂತರೆ ಸೆನ್ಸರಿನ ತಪ್ಪಿಲ್ಲ. ಎರಡು ನಿಮಿಷದ ಕೆಲಸ. ಅವರ ಕಾರಿನಲ್ಲಿ ಇಲಿ ಕಡಿದಿದ್ದ ತಂತಿ ಸಿಕ್ಕಿತು, ಆದರೆ ಹೊಸ ಸೆನ್ಸರ್ ಹಾಕಿಯಾದ ಮೇಲೆ.

ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ದಾಖಲಿಸುವ, ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಓಬಿಡಿ–2 ವ್ಯವಸ್ಥೆ ನಮ್ಮಲ್ಲಿ ಬಿಎಸ್–4 ಎಂಬ ಹೊಗೆ ಮಾಲಿನ್ಯ ಮಾನದಂಡದ ಕಾರುಗಳಿಗೆ ಬಂದದ್ದು 2013ರ ಏಪ್ರಿಲ್‌ನಿಂದ. ಇಷ್ಟು ವರ್ಷವಾದರೂ ನಮ್ಮ ಭಾಗದ ಅನೇಕ ಗ್ಯಾರೇಜುಗಳಲ್ಲಿ ಅದು ಬಿಡಿಭಾಗದ ಹೆಸರು ಹೇಳುವ ಯಂತ್ರವಾಗಿಯೇ ಉಳಿದಿದೆ. ದೋಷ ದಾಖಲಾದ ಕ್ಷಣದ ಎಂಜಿನ್ ವೇಗ, ತಾಪಮಾನ, ಇಂಧನ ತಿದ್ದುಪಡಿಯನ್ನು ಕಂಪ್ಯೂಟರ್ ಕೋಡಿನ ಜೊತೆಗೇ ಉಳಿಸಿಕೊಂಡಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ, ಹಲವು ಕಾರುಗಳಲ್ಲಿ ಬ್ಯಾಟರಿ ತಂತಿ ಬಿಚ್ಚಿದರೂ ಅಷ್ಟೇ. ಹಾಗಾಗಿ ‘ಬ್ಯಾಟರಿ ಬಿಚ್ಚಿ ಹಾಕಿರಿ, ದೀಪ ಆರುತ್ತದೆ’ ಎಂಬ ಸಲಹೆಯನ್ನು ಯಾರೂ ಪಾಲಿಸಬಾರದು.

ತಪ್ಪನ್ನೆಲ್ಲ ಮಿಸ್ತ್ರಿಗಳ ಮೇಲೆಯೇ ಹೊರಿಸಲು ನನಗೆ ಮನಸ್ಸಿಲ್ಲ. ಕೈಗೆ ಸಿಗುವ ಸೆನ್ಸರಿಗೆ ನಾವು ಮರುಮಾತಿಲ್ಲದೆ ಸಾವಿರಗಟ್ಟಲೆ ಕೊಡುತ್ತೇವೆ. ಒಂದು ಗಂಟೆ ಕುಳಿತು ತಂತಿ ಹಿಡಿದು ದೋಷ ಹುಡುಕಿದವನು 500 ರೂಪಾಯಿ ಕೇಳಿದರೆ ‘ಏನೂ ಹಾಕಲೇ ಇಲ್ಲವಲ್ಲ, ಯಾಕೆ ಹಣ’ ಎನ್ನುತ್ತೇವೆ. ಹಾಗಿದ್ದಾಗ ಅವನು ಹುಡುಕುವುದಕ್ಕಿಂತ ಬದಲಿಸುವುದೇ ಲಾಭವೆಂದುಕೊಳ್ಳುವುದು ಸಹಜ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಗ್ಯಾರೇಜು ಮಾಲೀಕರು ತಪಾಸಣೆಗೇ ಪ್ರತ್ಯೇಕ ದರ ಗೊತ್ತುಪಡಿಸಿ, ಸ್ಕ್ಯಾನರಿನಲ್ಲಿ ಬಂದ ಕೋಡ್, ದೋಷದ ಕ್ಷಣದ ದಾಖಲೆ ಮತ್ತು ಭಾಗ ಬದಲಿಸುವ ಮೊದಲು ಮಾಡಿದ ಪರೀಕ್ಷೆಯನ್ನು ಬಿಲ್ಲಿನಲ್ಲಿ ಬರೆದು, ತೆಗೆದ ಹಳೆಯ ಭಾಗವನ್ನು ಗಿರಾಕಿ ಕೇಳದೆಯೇ ಅವನ ಕೈಗೆ ಕೊಡಬೇಕೆಂದು ಕೋರುತ್ತೇನೆ.

— ನಿವೃತ್ತ ಐಟಿಐ ಬೋಧಕ, ನವನಗರ, ಬಾಗಲಕೋಟೆ